ಹಿತ್ತಲ ಗೋಡೆ ಕುಳಿತ ಭಾನುವಾರ

ನಮ್ಮ ಮನೆಯ ಹಿತ್ತಲನ್ನು ನಾನೇ, ನನ್ನ ಈ ಎರಡು ಕೈಗಳಿಂದಲೇ ಹೊಸದು ಮಾಡುತ್ತೇನೆಂದು ಘೋಷಿಸಿದಾಗ ನನ್ನ ಹೆಂಡತಿ ರೇಣುಕಾ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆಯೇ, ಗಾರೆ ಕೆಲಸದವರನ್ನು ಕರೆಯೋಣ ಎಂದಳು. ನಾನು ನಕ್ಕುಬಿಟ್ಟೆ. ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿ, ಹಿರಿಯೂರು, ಹೊಸದುರ್ಗ, ಚಿಕ್ಕಜಾಜೂರಿನ ಬಸ್ಸುಗಳನ್ನೆಲ್ಲ ಬರೀ ಸೀಟಿ ಊದಿ ಗೋಡೆಗೆ ಗೇಣು ದೂರದಲ್ಲಿ ನಿಲ್ಲಿಸುವವನು ನಾನು. ಅಂಥವನಿಗೆ ಅಳತೆ ಹೇಳಿಕೊಡಲು ಬೇರೆಯವರು ಬರಬೇಕೇ! ಸಾಲದ್ದಕ್ಕೆ ಮೊಬೈಲಿನಲ್ಲಿ ಹಿತ್ತಲು ಕಟ್ಟುವ ವಿಡಿಯೋಗಳನ್ನೆಲ್ಲ ನೋಡಿ ಮುಗಿಸಿದ್ದೆ. ಅದರಲ್ಲೊಬ್ಬ ಬಿಳಿ ಅಂಗಿ ತೊಟ್ಟು ಬೆಳಿಗ್ಗೆ ಶುರು ಮಾಡಿದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಅರಮನೆಯ ಅಂಗಳ ತಯಾರು. ಅಂಗಿ ಆಗಲೂ ಬಿಳಿಯೇ.

ನಮ್ಮದು ತಾತನ ಕಾಲದ ಮಾಳಿಗೆ ಮನೆ. ಹಿತ್ತಲಿನಲ್ಲಿ ಬಚ್ಚಲು, ಅದರ ಮುಂದೆ ಕಾಲ ತುಳಿತಕ್ಕೆ ಸವೆದು ನುಣ್ಣಗಾದ ಕಲ್ಲು ಚಪ್ಪಡಿಗಳು, ಬಟ್ಟೆ ಒಗೆಯುವ ಕಲ್ಲು, ಒಂದು ನುಗ್ಗೆ ಮರ. ಅದರಾಚೆ ಕಲ್ಲು ಮಣ್ಣಿನ ಗೋಡೆ. ಗೋಡೆಯಾಚೆ ಮುರುಗೇಶಪ್ಪ ಮಾವನ ಹಿತ್ತಲು. ಮಾವ ಎಂದರೆ ನೆಂಟರೇನಲ್ಲ, ನೆರೆಯವರು. ಹುಟ್ಟಿದಾಗಿನಿಂದ ಹಾಗೇ ಕರೆದು ರೂಢಿ.

ನಾನು ಚಿಕ್ಕವನಿದ್ದಾಗ ಅಲ್ಲಿ ಗೋಡೆ ಇರಲಿಲ್ಲ. ಕಳ್ಳಿ ಬೇಲಿಯಿತ್ತು, ಬೇಲಿಯ ನಡುವೆ ಒಂದು ಕಂಡಿಯಿತ್ತು. ಆ ಕಂಡಿಯಿಂದ ಅವರ ಮನೆಯ ಹುರುಳಿ ಸಾರು ನಮ್ಮಲ್ಲಿಗೆ ಬರುತ್ತಿತ್ತು, ನಮ್ಮ ಒಲೆಯ ಕೆಂಡ ಅವರಲ್ಲಿಗೆ ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಉಪ್ಪಿಟ್ಟು ಎಂದು ತಿಳಿದರೆ ಸಾಕು, ನಾನು ಅದೇ ಕಂಡಿಯಲ್ಲಿ ನುಸುಳಿ ಮಾವನ ಹೆಂಡತಿ ಪುಟ್ಟಕ್ಕನ ಒಲೆ ಮುಂದೆ ಕುಳಿತಿರುತ್ತಿದ್ದೆ. ಆಕೆ ಏನೂ ಕೇಳದೆ ತಟ್ಟೆಗೆ ರೊಟ್ಟಿ ಹಾಕುತ್ತಿದ್ದರು. ಹೀಗಿರುವಾಗ ಮಾವನ ಎಮ್ಮೆ ಒಂದು ದಿನ ಬೇಲಿ ದಾಟಿ ಬಂದು, ಚಿಕ್ಕಪ್ಪನ ಮದುವೆಗೆಂದು ಅಪ್ಪ ಒಗೆದು ಹರವಿದ್ದ ಪಂಚೆಯನ್ನು ಅಗಿದುಬಿಟ್ಟಿತು. ಜರಿ ಅಂಚು ಬಂದಾಗ ಮಾತ್ರ ಉಗುಳಿತ್ತು. ಎಮ್ಮೆಯ ಬಾಯಿಗೆ ಎಟಕುವಂತೆ ಪಂಚೆ ಹರವಿದ್ದು ಯಾರ ತಪ್ಪು ಎಂದು ಮಾವ ಕೇಳಿದರು. ಅಪ್ಪ ಬಾಯಲ್ಲಿ ಉತ್ತರ ಕೊಡಲಿಲ್ಲ, ಕಲ್ಲು ತರಿಸಿದರು. ಆ ಕಡೆಯಿಂದ ಮಾವನೂ ಹಟಕ್ಕೆ ಬಿದ್ದು ಕಲ್ಲು ಹೊತ್ತರು. ಇಬ್ಬರೂ ಜೊತೆಯಾಗಿ ಮಾಡಿದ ಕೊನೆಯ ಕೆಲಸ ಆ ಗೋಡೆ.

ಆಮೇಲೆ ಎಮ್ಮೆ ಹೋಯಿತು, ಅಪ್ಪನೂ ಹೋದರು. ಗೋಡೆ ಉಳಿಯಿತು. ನನ್ನ ಅಮ್ಮ ಏಕನಾಥಮ್ಮ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು ಪುಟ್ಟಕ್ಕನ ಜೊತೆ ಮಾತಾಡುತ್ತಿದ್ದಳು. ಮಂಡಿ ನೋವು ಬಂದ ಮೇಲೆ ಅದೂ ನಿಂತಿತು. ಬೀದಿ ಬಳಸಿ ಹೋಗಲು ಇಬ್ಬರಿಗೂ ಆಗದು. ಈಗ ಅವರ ಮಾತುಕತೆಯೆಲ್ಲ ಮೊಬೈಲಿನಲ್ಲಿ. ಇಬ್ಬರ ಗಂಟಲೂ ಎಂಥದ್ದೆಂದರೆ ಮಾತು ಮೊದಲು ಗೋಡೆ ಮೇಲಿಂದ ಕೇಳುತ್ತದೆ, ಆಮೇಲೆ ಫೋನಿನಲ್ಲಿ ಬರುತ್ತದೆ.

ಇರಲಿ, ನನ್ನ ಮಹಾಕಾರ್ಯಕ್ಕೆ ಬರುತ್ತೇನೆ. ಶನಿವಾರ ಚಪ್ಪಡಿಗಳನ್ನೆಲ್ಲ ಎಬ್ಬಿಸಿ ಮೂಲೆಗೆ ಒರಗಿಸಿದೆ. ಅಮ್ಮ ನೋಡಿ ನಿಟ್ಟುಸಿರಿಟ್ಟು ಒಳಗೆ ಹೋದಳು. ಮರಳು, ಸಿಮೆಂಟು ಕಲಸಿ ಬಚ್ಚಲಿನಿಂದ ಅಡುಗೆಮನೆ ಬಾಗಿಲವರೆಗೆ ಕನ್ನಡಿಯಂಥ ನೆಲ ಮಾಡಿದೆ. ಭಾನುವಾರ ಬೆಳಿಗ್ಗೆ ಗಟ್ಟಿಯಾಗಿತ್ತು. ಉದ್ಘಾಟನೆಗೆಂದು ಮೊದಲ ಬಕೆಟ್ ನೀರನ್ನು ನಾನೇ ಸುರಿದೆ. ನೀರು ಒಂದು ಗಳಿಗೆ ಯೋಚಿಸಿತು. ಚರಂಡಿ ಕಡೆ ನೋಡಿತು. ಮನಸ್ಸು ಬದಲಿಸಿ ನೇರ ಅಡುಗೆಮನೆಗೆ ಹೊರಟಿತು.

ಒಳಗೆ ರೇಣುಕಾ ಮುದ್ದೆ ತೊಳಸುತ್ತಿದ್ದಳು. ನೀರು ಅವಳ ಕಾಲು ತೊಳೆದು, ಸಿಲಿಂಡರಿಗೆ ಪ್ರದಕ್ಷಿಣೆ ಹಾಕಿ, ದೇವರಮನೆಯ ದಾರಿ ಹಿಡಿಯಿತು.

"ರೀ, ಗಂಗಮ್ಮ ಒಳಗೆ ಬಂದವ್ಳೆ," ಎಂದು ಅವಳ ದನಿ ಬಂತು. "ಅರಿಶಿನ ಕುಂಕುಮ ಕೊಟ್ಟು ಕಳಿಸ್ಲಾ, ಇಲ್ಲ ನೀವೇ ಬಂದು ಕರ್ಕಂಡು ಹೋಗ್ತೀರಾ?"

ತಪ್ಪು ನನ್ನ ನೆಲದ್ದಲ್ಲ, ಚರಂಡಿಯದ್ದು ಎಂದು ನಾನು ತೀರ್ಮಾನಿಸಿದೆ. ಗೋಡೆಯ ಬುಡದಲ್ಲೇ ಹೊಸ ಕಾಲುವೆ ತೋಡಿದರೆ ನೀರು ತಾನಾಗಿ ಅತ್ತ ತಿರುಗುತ್ತದೆ. ತೋಡುತ್ತ ಹೋದೆ. ಒಂದು ದಪ್ಪ ಕಲ್ಲು ಅಡ್ಡ ಬಂತು. ಹಾರೆ ಹಾಕಿ ಮೀಟಿದೆ. ನಮ್ಮ ದುರ್ಗದ ಕೋಟೆಯ ಗೋಡೆ ದಂಡುಗಳು ಬಂದರೂ ಜಗ್ಗಲಿಲ್ಲ ಎನ್ನುತ್ತಾರೆ. ನಮ್ಮ ಹಿತ್ತಲ ಗೋಡೆಗೆ ನಾನೊಬ್ಬನೇ ಸಾಕಾದೆ. ಅದು ಮೊದಲು ಹೊಟ್ಟೆ ಉಬ್ಬಿಸಿತು. ನಾನು ನುಗ್ಗೆ ಮರದ ಕಡೆಗೆ ಹಾರಿದೆ. ದೊಡ್ಡ ಉಸಿರು ಬಿಟ್ಟು ಗೋಡೆ ನಮ್ಮ ಕಡೆಗೇ ಕುಳಿತುಬಿಟ್ಟಿತು. ಪೂರ್ತಿ ಕುಳಿತುಬಿಟ್ಟಿತು.

ಧೂಳು ಇಳಿಯುತ್ತಿದ್ದಂತೆ ಆಚೆ ಮುರುಗೇಶಪ್ಪ ಮಾವ ಕಂಡರು. ಕೈಯಲ್ಲಿ ರೇಜರು, ಒಂದು ಕೆನ್ನೆ ನುಣುಪು, ಇನ್ನೊಂದು ಕೆನ್ನೆಯ ತುಂಬ ಸೋಪಿನ ನೊರೆ. ಗಡ್ಡ ಮಾಡಿಕೊಳ್ಳಲು ಅವರು ಕನ್ನಡಿ ತೂಗುಹಾಕುತ್ತಿದ್ದದ್ದು ಅದೇ ಗೋಡೆಯ ಮೊಳೆಗೆ. ಕನ್ನಡಿ ಇದ್ದ ಜಾಗದಲ್ಲಿ ಈಗ ಧೂಳು ಮೆತ್ತಿದ ನನ್ನ ಮುಖವಿತ್ತು. ಅದನ್ನು ತಮ್ಮದೇ ಎಂದುಕೊಂಡರೋ ಏನೋ, ಒಮ್ಮೆ ಗಾಬರಿಯಿಂದ ಕೆನ್ನೆ ಮುಟ್ಟಿ ನೋಡಿಕೊಂಡರು.

"ಲೇ ಮಾರುತೇಶ," ಎಂದರು ನಿಧಾನವಾಗಿ. "ನನ್ನ ಕನ್ನಡಿ ಎಲ್ಲೈತೆ?"

ಒಂದು ಪಂಚೆಯ ಜಗಳವೇ ಇಷ್ಟು ವರ್ಷ ಬಾಳಿದೆ, ಇನ್ನು ಗೋಡೆಯ ಜಗಳ ಎಷ್ಟು ತಲೆಮಾರು ಬಾಳೀತು? ಹೊತ್ತು ಮುಳುಗುವುದರೊಳಗೆ ಗೋಡೆ ಎದ್ದು ನಿಂತಿರಬೇಕು ಎಂದು ಹೇಳಿ ಮಾವ ಅರ್ಧ ಗಡ್ಡದಲ್ಲೇ ಒಳಗೆ ಹೋದರು. ನಾನು ಮಣ್ಣು ಕಲಸಿ ಕಲ್ಲಿನ ಮೇಲೆ ಕಲ್ಲಿಡತೊಡಗಿದೆ.

ಆಗ ಪುಟ್ಟಕ್ಕ ಕೋಲೂರಿಕೊಂಡು ಹೊರಬಂದರು. ಬಿದ್ದ ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಕೇಳಲಿಲ್ಲ. ನಾನು ಇಟ್ಟ ಕಲ್ಲಿನ ಮೇಲೇ ಕಾಲಿಟ್ಟು ದಾಟಲು ಹೊರಟರು. ಈ ಕಡೆಯಿಂದ ಅಮ್ಮ ಬಂದು ಕೈ ಚಾಚಿದಳು. ಇಬ್ಬರೂ ಕೈ ಹಿಡಿದುಕೊಂಡು ನಿಂತರು.

"ಗೋಡೆ ಮ್ಯಾಲಿಂದ ಬರೀ ತಲೆ ಕಾಣ್ತಿತ್ತು ಕಣೇ ಪುಟ್ಟಿ," ಎಂದಳು ಅಮ್ಮ. "ಆಮೇಲೆ ಅದೂ ಕಾಣ್ಲಿಲ್ಲ. ನೀನು ಇಷ್ಟು ಸೊರಗಿದೀಯ ಅಂತ ನಂಗೆ ಗೊತ್ತೇ ಆಗ್ಲಿಲ್ಲ ನೋಡು."

ನಾನು ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟೆ.

ಅವರು ಒಗೆಯುವ ಕಲ್ಲಿನ ಮೇಲೆ ಕುಳಿತರು. ರೇಣುಕಾ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ಮಾತು ಸುತ್ತಿ ಬಳಸಿ ಎಮ್ಮೆಗೆ ಬಂತು. ಅಪ್ಪ ಅಂದು ಮದುವೆಗೆ ಉಟ್ಟು ಹೋದ ಜರಿ ಪಂಚೆ ಎಲ್ಲಿಂದ ಬಂತೆಂದು ನನಗೆ ತಿಳಿದದ್ದೇ ಆಗ. ಪುಟ್ಟಕ್ಕ ಗಂಡನ ಪೆಟ್ಟಿಗೆಯಿಂದ ತೆಗೆದು ಗುಟ್ಟಾಗಿ ಅಮ್ಮನಿಗೆ ದಾಟಿಸಿದ್ದರಂತೆ. ಶತ್ರುವಿನ ಪಂಚೆ ಉಟ್ಟು ಅಪ್ಪ ಮದುವೆ ಮನೆಯಲ್ಲೆಲ್ಲ ಶತ್ರುವನ್ನು ಬೈದು ಬಂದಿದ್ದರು. ಇಬ್ಬರು ಮುದುಕಿಯರೂ ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಮಾವ ಹಿಂದೆಯೇ ನಿಂತಿದ್ದನ್ನು ಯಾರೂ ನೋಡಿರಲಿಲ್ಲ. ನೊರೆ ಒಣಗಿ ಕೆನ್ನೆಗೆ ಸುಣ್ಣ ಬಳಿದಂತಿತ್ತು.

"ಅದನ್ನೂ ಎಮ್ಮೆನೇ ತಿಂತು ಅನ್ಕಂಡು," ಎಂದರು ಅವರು, "ಪಾಪ, ಅದಕ್ಕೆ ಎರಡು ಏಟು ಹಾಕಿದ್ನಲ್ಲೇ."

ಆಮೇಲೆ ಬಿದ್ದ ಕಲ್ಲಿನ ಮೇಲೇ ಕುಳಿತು ಮಂಡಕ್ಕಿಗೆ ಕೈ ಹಾಕಿದರು. ನಾನು ಮತ್ತೊಂದು ಕಲ್ಲು ಎತ್ತಿದೆ. ಒಬ್ಬರು ಹೋಗುವಷ್ಟು ಜಾಗ ಬಿಡು ಎಂದರು ಮಾವ. ಕೈಯಲ್ಲಿ ಸಾರಿನ ಪಾತ್ರೆಯೂ ಇರುತ್ತದೆ, ಇನ್ನಷ್ಟು ಬಿಡು ಎಂದರು ಪುಟ್ಟಕ್ಕ. ಇಬ್ಬರೂ ಎದುರುಬದುರು ಬಂದರೆ ಹಿಂದೆ ಸರಿಯಲು ತಮ್ಮ ಮಂಡಿಗೆ ಆಗದು ಎಂದಳು ಅಮ್ಮ. ಬಿಡುತ್ತ ಬಿಡುತ್ತ ಸಂಜೆಯ ಹೊತ್ತಿಗೆ ಕಟ್ಟಲು ಗೋಡೆಯೇ ಉಳಿಯಲಿಲ್ಲ.

ಮರುದಿನ ರೇಣುಕಾ ನನ್ನನ್ನು ಕೇಳದೆ ಗಾರೆ ಕೆಲಸದವರನ್ನು ಕರೆಸಿದಳು. ಅವರು ನನ್ನ ಸಿಮೆಂಟು ನೆಲವನ್ನು ಒಡೆದು ಹೊರಗೆ ಹಾಕಿ, ತಾತನ ಚಪ್ಪಡಿಗಳನ್ನೇ ಮತ್ತೆ ಹಾಸಿಕೊಟ್ಟರು. ನೀರು ಚರಂಡಿಗೆ ಹೋಗತೊಡಗಿತು.

ಮೊನ್ನೆ ಬಾಗೂರಿನಿಂದ ಬಂದಿದ್ದ ರೇಣುಕಾಳ ತಮ್ಮ ಹಿತ್ತಲಿಗೆ ಬಂದು, ಎರಡೂ ಮನೆ ಒಂದಾಗಿ ತೆರೆದುಕೊಂಡ ಜಾಗವನ್ನೂ ಹರಟುತ್ತ ಕುಳಿತ ಹಿರಿಯರನ್ನೂ ನೋಡಿ ಬೆರಗಾದ. ಇಷ್ಟು ಚೆನ್ನಾಗಿ ಮಾಡಿದವರು ಯಾರು ಎಂದು ಕೇಳಿದ. ನಾನು ಗಂಟಲು ಸರಿಮಾಡಿಕೊಂಡೆ.

"ನಿಮ್ಮ ಭಾವನೇ ಕಣೋ," ಎಂದಳು ರೇಣುಕಾ. "ಅವ್ರು ಕಟ್ಟಿದ್ದನ್ನೆಲ್ಲ ಕೆಡವಿಸಿದ್ವಿ. ಕೆಡವಿದ್ದೊಂದನ್ನ ಉಳಿಸ್ಕಂಡ್ವಿ."