ಮ್ಯೂಸಿಯಂ ಪಕ್ಕದಲ್ಲೊಂದು ಬಾವಿ

ಯಾರಾದರೂ ಹೋಟೆಲ್ ರೂಮು ಹುಡುಕಿಕೊಡಿ ಎಂದರೆ ಈಗಲೂ ನನ್ನ ಬಾಯಿಂದ ಮೊದಲು ಬರುವ ಪ್ರಶ್ನೆ, "ಅಲ್ಲಿ ಬಾವಿ ಇದೆಯಾ?" ಮೊಮ್ಮಗಳು ನಗುತ್ತಾಳೆ. ನಗಲಿ. ಅವಳು ಪುಟ್ಟಮ್ಮತ್ತೆಯನ್ನು ನೋಡಿದವಳಲ್ಲ.

ಪುಟ್ಟಮ್ಮತ್ತೆ ನಮ್ಮ ತಂದೆಯ ಅಕ್ಕ. ಐವತ್ತರ ದಶಕದಲ್ಲಿ, ನಾವು ರಾಜಾಜಿನಗರದ ಹೊಸ ಮನೆಗೆ ಬಂದ ಶುರುವಿನಲ್ಲಿ, ಶಿರಾ ಕಡೆಯ ಹಳ್ಳಿಯಿಂದ ಒಂದು ಟ್ರಂಕಿನೊಂದಿಗೆ ಬಂದಿಳಿದರು. ಅವರ ಊರಿನ ಪಾಳುಗುಡಿಯ ವೇಣುಗೋಪಾಲನನ್ನು ಕಬ್ಬನ್ ಪಾರ್ಕಿನ ಕೆಂಪು ಮ್ಯೂಸಿಯಮ್ಮಿನಲ್ಲಿ ತಂದಿಟ್ಟಿದ್ದಾರೆಂದು ಯಾರೋ ಹೇಳಿದ್ದರಂತೆ. ಅತ್ತೆಗೆ ಅವನನ್ನು ನೋಡಬೇಕು. ಸುಮ್ಮನೆ ನೋಡುವುದಲ್ಲ; ಮಿಂದು, ಮಡಿಯುಟ್ಟು, ಹಸಿದ ಹೊಟ್ಟೆಯಲ್ಲಿ, ದಾರಿಯಲ್ಲಿ ಯಾರನ್ನೂ ಮುಟ್ಟದೆ ಹೋಗಿ ನೋಡಬೇಕು. ನಮ್ಮ ಮನೆಯಿಂದ ಬಸ್ಸಿನಲ್ಲೇ ಹೋಗಬೇಕು, ಬೆಂಗಳೂರಿನ ಬಸ್ಸಿನಲ್ಲಿ ಯಾರನ್ನೂ ಮುಟ್ಟದೆ ಹೋಗಲು ಆ ವೇಣುಗೋಪಾಲನಿಗೂ ಆಗುತ್ತಿರಲಿಲ್ಲ. ಆದ್ದರಿಂದ ಮ್ಯೂಸಿಯಮ್ಮಿಗೆ ನಡೆದುಹೋಗುವಷ್ಟು ಹತ್ತಿರ ಒಂದು ರಾತ್ರಿಯ ಮಟ್ಟಿಗೆ ಜಾಗ ಬೇಕಾಯಿತು. "ಇವಳು ಕಾನ್ವೆಂಟಲ್ಲಿ ಓದಿದೋಳು. ದಂಡು, ಕಂಟೋನ್ಮೆಂಟ್ ಕಡೆ ಎಲ್ಲಾ ಇವಳಿಗೇ ಗೊತ್ತು" ಎಂದು ತಂದೆ ನನ್ನನ್ನು ಮುಂದೆ ತಳ್ಳಿ ತಾವು ಪೇಪರಿನ ಹಿಂದೆ ಅಡಗಿದರು. ನನಗೆ ಗೊತ್ತಿದ್ದದ್ದು ಕಾನ್ವೆಂಟು ಮತ್ತು ಅದರ ಎದುರಿನ ಕೇಕ್ ಅಂಗಡಿ, ಅಷ್ಟೇ. ಆದರೇನು, ಇಂಗ್ಲಿಷ್ ಒಂದಿದ್ದರೆ ಲಂಡನ್ನಿನಲ್ಲೂ ರೂಮು ಸಿಗುತ್ತದೆಂಬ ಕಾನ್ಫಿಡೆನ್ಸಿನ ವಯಸ್ಸು ಅದು.

ಅತ್ತೆಯನ್ನು ಕರೆದುಕೊಂಡು ಮೊದಲು ಹೋದ ಲಾಡ್ಜಿನಲ್ಲಿ ಮ್ಯಾನೇಜರು ಎದೆಯುಬ್ಬಿಸಿ, "ಅಟ್ಯಾಚ್ಡ್ ಬಾತ್‌ರೂಮ್ ಇದೆ ಮೇಡಂ" ಎಂದು ಬಾಗಿಲು ತೆರೆದು ತೋರಿಸಿದ. ಅತ್ತೆ ಹೊಸಿಲಿನಾಚೆಯೇ ನಿಂತುಬಿಟ್ಟರು. "ಮಲಗೋ ಕೋಣೇಲೇ ಕಕ್ಕಸ್ಸಾ? ಅದನ್ನ ಬೇರೆ ಜಂಬದಿಂದ ಹೇಳ್ಕೋತಾನಲ್ಲೇ!" ನಾನು ಅವಸರದಿಂದ ನಲ್ಲಿ ಬಿಟ್ಟು, "ನೋಡಿ ಅತ್ತೆ, ನೀರು ಎಷ್ಟು ಜೋರಾಗಿ ಬರತ್ತೆ" ಎಂದೆ. "ನಲ್ಲಿಯೊಳಗೆ ಚರ್ಮದ ವಾಷರ್ ಇರತ್ತೆ ಕಣೇ. ಚರ್ಮ ಮುಟ್ಟಿದ ನೀರು ಮಡಿಗೆ ಬರಲ್ಲ. ಬಾವಿ ಇದ್ಯಾ ಕೇಳು." ಕೇಳಿದೆ. ಬಾವಿಗೆ ಬೀಳಲು ಬಂದವಳನ್ನು ನೋಡುವಂತೆ ಅವನು ನನ್ನನ್ನು ನೋಡಿದ.

ಬಾವಿಯಿದ್ದ ಛತ್ರಗಳೆಲ್ಲ ದೂರದ ಪೇಟೆಯಲ್ಲಿದ್ದವು. ಹತ್ತಿರದ ಲಾಡ್ಜುಗಳಲ್ಲೆಲ್ಲ ನಲ್ಲಿಗಳೇ. ಸಂಜೆಯ ಹೊತ್ತಿಗೆ ನನ್ನ ಇಂಗ್ಲಿಷೂ ಕಾಲೂ ಒಟ್ಟಿಗೆ ಸೋತಿದ್ದಾಗ, ಒಂದು ಹಳೇ ಬಂಗಲೆಯ ಗೇಟಿನಲ್ಲಿ ಪೇಯಿಂಗ್ ಗೆಸ್ಟ್ ಬೋರ್ಡು ಕಂಡಿತು. ಒಡತಿ ಮಿಸೆಸ್ ಪಿಂಟೋ ಹೂವಿನ ಫ್ರಾಕಿನ ದಪ್ಪ ಹೆಂಗಸು. ಹಿತ್ತಲಿನಲ್ಲಿ ಔಟ್‌ಹೌಸು, ಅದರ ಪಕ್ಕದಲ್ಲಿ ಬಾವಿ! ಯಾರ ಮನೆ, ಒಳಗೆ ಏನು ಬೇಯುತ್ತಿದೆ ಎಂದು ಅತ್ತೆ ಕೇಳುತ್ತಾರೆಂದು ಉಸಿರು ಬಿಗಿಹಿಡಿದೆ. ಅವರು ಒಂದು ಬಿಂದಿಗೆ ನೀರು ಸೇದಿ, ಬೊಗಸೆಯಲ್ಲಿ ರುಚಿ ನೋಡಿ, "ಸಿಹಿನೀರು" ಎಂದರು. ಅಷ್ಟೇ. ಆಗ ಮೂಲೆಯಿಂದ ಒಂದು ನಾಯಿ ಎದ್ದು ಬಂತು. ಮಿಸೆಸ್ ಪಿಂಟೋ ಧೈರ್ಯ ಹೇಳಿದಳು: "ಪ್ರಿನ್ಸ್ ಕಚ್ಚಲ್ಲಮ್ಮಾ. ಸುಮ್ನೆ ನೆಕ್ತಾನೆ."

ಬೆಳಿಗ್ಗೆ ಅತ್ತೆ ಮಿಂದು ಬಂದರು, ಪ್ರಿನ್ಸ್ ನೆಕ್ಕಿದ. ಮತ್ತೆ ಮಿಂದರು, ಮತ್ತೆ ಬಾಲ ಅಲ್ಲಾಡಿಸುತ್ತಾ ಬಂದು ನೆಕ್ಕಿದ. ಅತ್ತೆ ಚಳಿಗೆ ನಡುಗುತ್ತಾ ಬಾವಿಕಟ್ಟೆಯ ಮೇಲೆ ಕುಳಿತು, "ಆ ವೇಣುಗೋಪಾಲನಿಗೇ ನಾನು ಬರೋದು ಬೇಡ್ವೇನೋ ಕಣೇ" ಎಂದರು. ಗಲಾಟೆ ಕೇಳಿ ಬಂದ ಮಿಸೆಸ್ ಪಿಂಟೋಗೆ ಎಲ್ಲವನ್ನೂ ವಿವರಿಸಿದೆ. "ಖಾಲಿ ಹೊಟ್ಟೇಲಿ ಹೋಗ್ಬೇಕಾ? ಮೊದ್ಲೇ ಹೇಳ್ಬಾರ್ದಾ! ನಾನೂ ಸಂಡೇ ಚರ್ಚಲ್ಲಿ ಕಮ್ಯೂನಿಯನ್‌ಗೆ ಮುಂಚೆ ಏನೂ ತಿನ್ನಲ್ಲ" ಎಂದವಳೇ ಪ್ರಿನ್ಸನನ್ನು ಕಟ್ಟಿಹಾಕಿ, ಅತ್ತೆ ಮೂರನೇ ಸಲ ಮಿಂದು ಬರುವಷ್ಟರಲ್ಲಿ ಕೊಡೆ ಕೈಗೆ ತೆಗೆದುಕೊಂಡಳು. ಮುಂದೆ ಕೊಡೆ ಬೀಸುತ್ತಾ "ಸರೀರಿ, ಸರೀರಿ, ಪ್ಲೀಸ್!" ಎನ್ನುವ ಫ್ರಾಕು, ನಡುವೆ ಒದ್ದೆ ಸೀರೆ, ಹಿಂದೆ ನಾನು. ಗುರುತಿನವರು ಯಾರೂ ಎದುರಾಗದಿರಲಿ ಎಂದು ನಾನು ಎರಡೂ ಧರ್ಮದ ದೇವರಿಗೆ ಮೊರೆಯಿಟ್ಟೆ.

ಮ್ಯೂಸಿಯಮ್ಮಿನೊಳಗೆ ಕಾಲಿಡುತ್ತಲೇ ಕಾವಲುಗಾರ, "ಏನನ್ನೂ ಮುಟ್ಟಬೇಡೀಮ್ಮಾ" ಎಂದ. ಅತ್ತೆಯ ಮುಖ ಅರಳಿತು. "ನೋಡಿದ್ಯಾ? ನಿಮ್ಮನೆಗಿಂತ ಇಲ್ಲೇ ಮಡಿ ಚೆನ್ನಾಗಿದೆ." ವೇಣುಗೋಪಾಲ ಕಿಟಕಿಯ ಬೆಳಕಿನಲ್ಲಿ ನಿಂತಿದ್ದ. ಅತ್ತೆ ಕೈಮುಗಿದು ಅವನ ಮುಖವನ್ನೇ ದಿಟ್ಟಿಸಿದರು. ಆಮೇಲೆ ಮೆಲ್ಲಗೆ, "ಊರಲ್ಲಿ ದೀಪದ ಮಬ್ಬಲ್ಲಿ ಇವನ ಮುಖಾನೇ ಸರಿಯಾಗಿ ಕಂಡಿರ್ಲಿಲ್ಲ. ನಗ್ತಿದಾನೆ ಕಣೇ" ಎಂದರು. ಕಾವಲುಗಾರನತ್ತ ತಿರುಗಿ, "ಇವನಿಗೆ ಸ್ನಾನ ಯಾರು ಮಾಡಿಸ್ತಾರಪ್ಪಾ?" ಎಂದು ಕೇಳಿದರು.

"ಸ್ನಾನ ಇಲ್ಲ ಅಜ್ಜೀ. ಧೂಳು ಒರೆಸ್ತೀನಿ."

"ಒಗೆದ ಬಟ್ಟೇಲಿ ತಾನೆ?"

"ಹ್ಞೂಂ, ನಾನೇ ಒಗೀತೀನಿ."

"ಹಾಗಾದ್ರೆ ಸರಿ. ನೀನು ಚೆನ್ನಾಗಿ ನೋಡ್ಕೊಂಡಿದೀಯ." ಹೊರಗೆ ಬಂದು, ಮೂರು ಸ್ನಾನದ ನೆಗಡಿಗೆ ಊರು ಸೇರುವವರೆಗೂ ಸೀನಿದರು.

ಅತ್ತೆಯ ಮಡಿಯ ಕತೆಯನ್ನು ನಾನು ಎಷ್ಟು ಸಲ ಆಕ್ಟಿಂಗ್ ಮಾಡಿ ತೋರಿಸಿ ನಗಿಸಿದ್ದೇನೋ. ನಾನು ಮಾಡರ್ನ್, ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಹೋದ ವರ್ಷ ಮೊಮ್ಮಗಳ ಜೊತೆ ಆ ಕಡೆ ಹೊರಟ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ತಿಂಡಿ ಬೇಡ, ಬ್ಲಡ್ ಟೆಸ್ಟ್ ಇದೆ ಎಂದಿದ್ದೆ. ಮ್ಯೂಸಿಯಂ ಮುಗಿಸಿ, ಎದುರಿಗಿದ್ದ ಮಸಾಲೆ ದೋಸೆಯನ್ನು ಅರ್ಧ ಮುಗಿಸುವಷ್ಟರಲ್ಲಿ ಅವಳು ಕೇಳಿದಳು:

"ಅಜ್ಜೀ, ಬ್ಲಡ್ ಯಾವಾಗ ಕೊಟ್ರಿ?"

ನಾನು ಇನ್ನೊಂದು ಕಾಫಿ ಹೇಳಿದೆ.