ಬಿಂದಿಗೆಗಳ ಚಿತ್ರಪಟಕ್ಕೊಂದು ವಿನಮ್ರ ದೂರು

ಹೊಸೂರು, ೧೯೮೪

ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಊಟದ ಬೆಂಚುಗಳ ಮೇಲಿನ ಗೋಡೆಯನ್ನು ಅಲಂಕರಿಸಿರುವ ಬಣ್ಣದ ಚಿತ್ರಪಟದ ಸನ್ನಿಧಿಗೆ,

ಮಾನ್ಯರೇ,

ತಮ್ಮ ಮೊಳೆಗಳು ಭದ್ರವಾಗಿವೆ, ಒಗ್ಗರಣೆಯ ಹೊಗೆ ತಮ್ಮ ಮೈಬಣ್ಣವನ್ನು ಇನ್ನೂ ಕೆಡಿಸಿಲ್ಲ ಎಂದು ನಂಬಿ, ಇದೇ ಕಾರ್ಖಾನೆಯ ಕಚೇರಿಯಲ್ಲಿ ಟೈಪು ಮಾಡುವ ನಾನು ಈ ದೂರನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಅನ್ನದ ತಟ್ಟೆಯ ಮುಂದೆ ಸಾಲುಸಾಲಾಗಿ ನೀಲಿ ಬಿಂದಿಗೆಗಳು, ಅದರ ಕೆಳಗೆ ರಾಗಿ ಮುದ್ದೆಯ ಮುಂದೆ ಬೆರಳೆಣಿಕೆಯಷ್ಟು. ಯಾವ ಬೆಳೆ ನೆಲದ ನೀರನ್ನು ಎಷ್ಟು ಕುಡಿಯುತ್ತದೆ ಎಂಬುದನ್ನು ಅಕ್ಷರ ಬಾರದವರಿಗೂ ತಿಳಿಸುವ ತಮ್ಮ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಸಾಲದು. ತಾವು ಬಂದ ಮೇಲೆ ಜನ ಮುದ್ದೆಗೆ ಮುಗಿಬೀಳುತ್ತಾರೆ, ಕೊಳವೆಬಾವಿಗಳು ನೆಮ್ಮದಿಯಿಂದ ಉಸಿರಾಡುತ್ತವೆ ಎಂದು ಇಂಗ್ಲಿಷ್ ಶಾಲೆಯಲ್ಲಿ ಕಲಿತ ನಾನೂ ಎಣಿಸಿದ್ದೆ.

ಜನ ತಮ್ಮನ್ನು ನಂಬಿದ್ದೇನೋ ನಿಜ. ಆದರೆ ಈ ಸೀಮೆಯಲ್ಲಿ ಮುದ್ದೆ ಮನೆಯವರಿಗೆ, ಅನ್ನ ನೆಂಟರಿಗೆ. ಹಾಗಾಗಿ ಬಿಂದಿಗೆ ಹೆಚ್ಚಿದಷ್ಟೂ ಮರ್ಯಾದೆ ಹೆಚ್ಚು ಎಂದೇ ಅವರು ಓದಿಕೊಂಡರು. ಲೇತ್ ವಿಭಾಗದ ವೆಂಕಟೇಶಪ್ಪನವರು ಅವಲಪಲ್ಲಿಯಿಂದ ಬಂದ ಬೀಗರನ್ನು ತಾವು ತೂಗುವ ಗೋಡೆಯ ಅಡಿಯಲ್ಲೇ ಕೂರಿಸಿ, "ನೋಡ್ಕಳಿ ಬೀಗ್ರೇ, ನಿಮ್ಗೆ ಮೇಲ್ನೇ ಸಾಲಿನ್ ಊಟ್ವೇ ಇಕ್ಸಿವ್ನಿ" ಎಂದರು. ಅಂದಿನಿಂದ ಮುದ್ದೆ ತಿನ್ನುವವನನ್ನು ಕಂಡರೆ, "ಏನ್ಲಾ, ನಿಂಗೆ ಇಷ್ಟೇ ಬಿಂದ್ಗೇನಾ?" ಎಂಬ ಗೇಲಿ.

ಈಗ ಮುದ್ದೆ ಕಟ್ಟುವ ಮುನಿಗಂಗಮ್ಮನ ಪಾತ್ರೆ ತುಂಬಿದ್ದು ತುಂಬಿದ ಹಾಗೇ ಇರುತ್ತದೆ. ಈ ವಾರವೂ ಉಳಿದರೆ ಮುದ್ದೆಯ ಒಲೆ ಆರಿಸಿ ಆಕೆಯನ್ನು ಮನೆಗೆ ಕಳಿಸುವುದೆಂದು ಕ್ಯಾಂಟೀನ್ ಸಮಿತಿ ತೀರ್ಮಾನಿಸಿದೆ. "ಆ ಪಟುಕ್ಕೆ ನಾನೇನ್ ಮಾಡಿದ್ನವ್ವಾ?" ಎಂದು ಆಕೆ ಕೇಳಿದಾಗ, ಕೈಯಲ್ಲಿದ್ದ ಅನ್ನದ ತಟ್ಟೆಯನ್ನು ನಾನು ಸೆರಗಿನ ಮರೆಗೆ ಸರಿಸಿಕೊಂಡೆ. ಮುದ್ದೆಯನ್ನು ನುಂಗಬೇಕು, ನನ್ನ ಶಾಲೆಯಲ್ಲಿ ಚೆನ್ನಾಗಿ ಅಗಿಯುವುದನ್ನು ಮಾತ್ರ ಕಲಿಸಿದ್ದರು. ತಮ್ಮನ್ನು ದೂರುವ ಅರ್ಹತೆ ನನಗಿದೆಯೇ ಎಂಬ ಅನುಮಾನ ಹುಟ್ಟಿದ್ದು ಅಲ್ಲೇ.

ಆದರೂ ನನ್ನ ಕೋರಿಕೆಯಿಷ್ಟು. ತಾವು ದಯಮಾಡಿ ಗೋಡೆಯಿಂದಿಳಿದು, ಕೈತೊಳೆದು, ಎಲ್ಲರೆದುರು ಒಂದು ಮುದ್ದೆ ನುಂಗಿ ತೋರಿಸಬೇಕು. ಸಾರು ನಾನು ಬಡಿಸುತ್ತೇನೆ. ಅದು ಆಗದಿದ್ದರೆ ಅನ್ನದ ಬಿಂದಿಗೆಗಳನ್ನಾದರೂ ಸೋರಲು ಬಿಡಬೇಕು. ಕೆಳಗೆ ಕೂತವರ ನೆತ್ತಿ ತೋಯ್ದರೆ, ಅದು ಎಷ್ಟು ನೀರೆಂದು ಅರ್ಥವಾದೀತು.

ತಮ್ಮ ನೆರಳಲ್ಲೇ ಅನ್ನವುಣ್ಣುವ,
ತಮ್ಮ ವಿಶ್ವಾಸಿ,
ಲಕ್ಷ್ಮೀದೇವಮ್ಮ

ಮರೆತ ಮಾತು: ನಾಳೆ ಬೆಳಿಗ್ಗೆ ತಮ್ಮ ಮುದ್ದೆಯ ಸಾಲಿನಲ್ಲಿ ಅನ್ನದ್ದಕ್ಕಿಂತ ಹೆಚ್ಚು ಬಿಂದಿಗೆಗಳು ಕಂಡರೆ ತಾವು ಗಾಬರಿಯಾಗಬಾರದು. ಅವು ನೀಲಿಯಾಗಿರದೆ ಕಪ್ಪಗಿರುವುದಕ್ಕೆ ಕ್ಷಮೆಯಿರಲಿ. ಇದ್ದಿಲು ಮುನಿಗಂಗಮ್ಮನ ಒಲೆಯದು. ಹತ್ತಲು ತಂದ ಸ್ಟೂಲು ನಮ್ಮ ಕಚೇರಿಯದು.