ಕೋರ್ಟಿನ್ಯಾಗ ನನ್ನ ಫೋರ್ಥ್ ಸೀಟು

ಉಳಿದವ್ರಿಗೆ ನಗೆಪಾಟಲಾಗೂದು ಯಾವಾಗರ ಒಮ್ಮೆ. ನನಗ ವಾರಕ್ಕ ಮೂರು ಸಲ, ಮುಂಜಾನೆ ಏಳರಿಂದ ಎಂಟರ ತನಕ, ಟೈಮಿಗೆ ಸರಿಯಾಗಿ.

ನಾ ಬಾಗಲಕೋಟಿ ಕಡಿಯಾಂವ. ವಿಕ್ರೋಳಿಯ ಒಂದು ಫ್ಯಾಕ್ಟರಿಯೊಳಗ ಸ್ಟೋರ್ ಕೀಪರ್ ಆಗಿ ರಿಟೈರ್ ಆಗಿ, ಭಾಂಡುಪ್‌ನ ನಮ್ಮ ಬಿಲ್ಡಿಂಗ್‌ನ್ಯಾಗ ಆರಾಮ ಪೇಪರ್ ಓದ್ಕೋತ ಇದ್ದೆ. ಬಿಲ್ಡಿಂಗ್ ಹಿಂದ ಹಾಳು ಸ್ಕೂಟರ್ ನಿಲ್ಲಸೂ ಜಾಗಾ ಒಂದಿತ್ತು. ಸೆಕ್ರೆಟರಿ ಸಾಹೇಬ್ರು ಅದನ್ನ ತೊಳಿಸಿ, ನೀಲಿ ಬಣ್ಣ ಬಳಿಸಿ, ನಡುವ ನೆಟ್ ಕಟ್ಟಿಸಿ ‘ಪಿಕಲ್‌ಬಾಲ್ ಕೋರ್ಟ್’ ಅಂದ್ರು. ಪಿಕಲ್‌ಬಾಲ್ ಅಂದ್ರ ಮತ್ತೇನಿಲ್ಲ, ಟೆನಿಸಿನ ತಮ್ಮ. ತೂತು ತೂತಿನ ಪ್ಲಾಸ್ಟಿಕ್ ಚೆಂಡು, ಹಲಗಿಯಂಥ ಬ್ಯಾಟು, ಈ ಕಡೆ ಇಬ್ರು, ಆ ಕಡೆ ಇಬ್ರು. ಹನ್ನೊಂದು ಪಾಯಿಂಟ್ ಆದ್ರ ಆಟ ಮುಗೀತು.

ಏಳರಿಂದ ಎಂಟು ನನಗೂ ನಮ್ಮ ಮನಿಯಾಕಿಗೂ ಸಿಕ್ಕಿತ್ತು. ಬಿ ವಿಂಗ್‌ನ ಮಾವ-ಅಳಿಯ ಇಬ್ರೂ ಅದ ತಾಸಿನ ಮ್ಯಾಲ ಕಣ್ಣು ಹಾಕಿದ್ರು. ಮಾವ ಬ್ಯಾಂಕಿನಿಂದ ರಿಟೈರ್ ಆದ ಮರಾಠಿ ಮನಷ್ಯಾ. ಅಳಿಯ ಗೋರೆಗಾಂವ್ ಆಫೀಸಿಗೆ ಹೋಗಾಂವ, ಅವಂಗ ಬ್ಯಾರೆ ಟೈಮ್ ಹೊಂದೂದಿಲ್ಲ. ಸೆಕ್ರೆಟರಿ ತೀರ್ಪು ಕೊಟ್ರು: “ಒಂದು ತಿಂಗಳು ನಾಲ್ಕೂ ಮಂದಿ ಕೂಡೇ ಆಡ್ರಿ. ಕಡೀ ಐತವಾರ ಸಂಜಿ ನಾಕಕ್ಕ ಮ್ಯಾಚ್. ಗೆದ್ದವ್ರಿಗೆ ಆ ತಾಸು.”

ನಾ ಮನಿಗೆ ಬಂದು, “ಹೋದ್ರ ಹೋಗ್ಲಿ ಬಿಡ, ಹುಡುಗ ಆಡ್ಲಿ” ಅಂದೆ.

ನಮ್ಮಾಕಿ ಸೌಟು ಕೆಳಗಿಟ್ಲು. “ಮದವಿಯಾಗಿ ಈ ಊರಿಗೆ ಬಂದಾಗಿಂದ ಮುಂಜಾನೆ ಅಂದ್ರ ನಿಮ್ಮ ಡಬ್ಬಿ, ಮಕ್ಕಳ ಡಬ್ಬಿ, ನಳದ ನೀರು, ನಿಮ್ಮ ಮೂರು ಸಲದ ಚಾ. ನಂದು ಅಂತ ಇರೂದು ಇದೊಂದ ತಾಸು. ಇದನ್ನ ಕಳದ್ರಿ ಅಂದ್ರ ನೋಡ್ರಿ ಮತ್ತ.”

ಏನು ನೋಡಬೇಕು ಅಂತ ಕೇಳೂ ಧೈರ್ಯ ನನಗ ಆಗಲಿಲ್ಲ.

೧. ಗುರಿ

ಮೊದಲನೇ ದಿನ ಮಾವ-ಅಳಿಯ ನಮ್ಮಾಕಿನ್ನ ನೋಡಿದ್ರು. ಚೂಡಿದಾರದ ಮ್ಯಾಲ ಮಗನ ಹಳೇ ಬೂಟು, ಹಣಿ ಮ್ಯಾಲ ದುಡ್ಡಿನಗಲ ಕುಂಕುಮ. ಡಬಲ್ಸ್‌ನ ಮೊದಲನೇ ಪಾಠ ಎಲ್ಲಾರಿಗೂ ಗೊತ್ತು: ಇಬ್ಬರೊಳಗ ಮೆತ್ತಗಿದ್ದವ್ರನ್ನ ಹಿಡಿ, ಎಲ್ಲಾ ಚೆಂಡು ಅಲ್ಲೇ ಹಾಕು. ಅವ್ರು ಆಕಿ ಕಡೇನ ಹಾಕಿದ್ರು.

ಆಕಿ ಎಲ್ಲಾ ಹೊಳ್ಳಿ ಕಳಿಸಿದ್ಲು. ಬರೂ ಚೆಂಡಿಗೆಲ್ಲಾ “ನಂದು! ನಂದು!” ಅಂತ ಒದರೂದು, ಹೊಡೆಯೂದು. ಡಬಲ್ಸ್‌ನ್ಯಾಗ ಹಂಗ ಕೂಗಿ ಹೇಳಬೇಕು, ಇಲ್ಲಂದ್ರ ಇಬ್ರೂ ಡಿಕ್ಕಿ ಹೊಡೀತಾರ. ಹತ್ತು ಮಿನಿಟು ನನ್ನ ಕಡೆ ಒಂದೂ ಚೆಂಡು ಬರಲಿಲ್ಲ. ಪಂಕ್ತಿಯೊಳಗ ಕೂಡಿಸಿ ಎಲಿಗೆ ಬಡಸದ ಹೋದಂಗಾತು. ಬ್ಯಾಸರಾಗಿ ಚಸ್ಮಾ ತಗದು ಅಂಗಿಲೆ ಒರಸ್ಕೋತ ನಿಂತೆ. ಆವಾಗ ಅಳಿಯನ ಕೈ ತಪ್ಪಿ ಒಂದು ಚೆಂಡು ನನ್ನ ಕಡೆ ಬಂತು, ನನ್ನ ಪಕ್ಕಕ್ಕ ಎರಡು ಸಲ ಪುಟದು ಗೋಡಿ ಮುಟ್ಟಿತು. ನಾ ಇನ್ನೂ ಚಸ್ಮಾ ಒರಸ್ಕೋತನ ಇದ್ದೆ.

ಮಾವ ಅಳಿಯನ ಮುಖ ನೋಡಿದ್ರು, ಅಳಿಯ ಮಾವನ ಮುಖ ನೋಡಿದ. ಅವತ್ತಿನಿಂದ ಚೆಂಡು ನನ್ನ ಎಲಿಗೆ ಬರಾಕ ಹತ್ತಿದ್ವು, ಸಾಕು ಅಂದ್ರೂ ಕೇಳವಲ್ರು.

೨. ಸರೀರಿ ಸ್ವಲ್ಪ

ಎರಡು ವಾರ ಅವ್ರು ಹೊಡದದ್ದೆಲ್ಲಾ ನನಗ. ಬಲಕ್ಕ ಹೊಡದ್ರ ಎಡಕ್ಕ ಓಡ್ತಿದ್ದೆ, ಎಡಕ್ಕ ಹೊಡದ್ರ ನಿಂತು ವಿಚಾರ ಮಾಡ್ತಿದ್ದೆ. ನಮ್ಮಾಕಿ ಒಂದು ಉಪಾಯ ತಗದ್ಲು: “ನೀವು ಆ ಮೂಲಿಗೆ ನಿಂದರ್ರಿ. ನಡುವ ಬಂದದ್ದೆಲ್ಲಾ ನಂದು.”

ಮೊದಲು ನನಗ ಅರ್ಧ ಕೋರ್ಟ್ ಇತ್ತು. ಮರುದಿನ ಪಾವು ಆತು. ಆಟ ನಡದಾಗೆಲ್ಲಾ “ಸರೀರಿ ಸ್ವಲ್ಪ, ಇನ್ನ ಸ್ವಲ್ಪ” ಅಂತ ನನ್ನ ಬಿಳೀ ಗೆರಿಗೆ ತಂದು ನಿಲ್ಲಿಸಿದ್ಲು. ಲೋಕಲ್ ಟ್ರೇನಿನ್ಯಾಗ ಮೂರು ಮಂದಿ ಸೀಟಿನ ತುದಿಗೆ ನಾಲ್ಕನೇದಾಂವ ಅರ್ಧ ಕುಂಡಿ ಊರಿ, ಒಂದು ಕಾಲು ಹೊರಗ ಚಾಚಿ ಕುಂಡರತಾನಲ್ಲ, ಫೋರ್ಥ್ ಸೀಟು, ನನ್ನ ಬಾಳೇ ಹಂಗ ಆತು.

ಒಂದು ದಿನ ಸೆಕ್ರೆಟರಿ ಹಾದು ಹೋಗೂವಾಗ ನನ್ನ ನೋಡಿ, ಭಾಳ ಮರ್ಯಾದಿಲೆ ಕೇಳಿದ್ರು: “ಅಂಕಲ್, ಆಪ್ ಖೇಲ್ ರಹೇ ಹೈಂ, ಯಾ ದೇಖ್ ರಹೇ ಹೈಂ?” ಆಡಾಕ ಹತ್ತೀರೋ, ನೋಡಾಕ ಹತ್ತೀರೋ ಅಂತ.

೩. ಮಾವ ಆಗೂದು, ಬಿಡೂದು

ಹಂಗಂತ ನಾವೇನು ಸುಮ್ಮನ ಕುಂತವ್ರಲ್ಲ. ನಮಗೂ ಅವ್ರ ಮರ್ಮ ಸಿಕ್ಕಿತು. ಅಳಿಯ ಹುಲಿಯಂಗ ಆಡ್ತಾನ ಖರೆ, ಮಾವನ ಮುಂದ ಮೂಗುದಾಣ ಹಾಕಿದ ಎತ್ತು. ಚೆಂಡು ಇಬ್ಬರ ನಡುವ ಬಿತ್ತಂದ್ರ ಮಾವನ್ನ ದಾಟಿ ಹೊಡೆಯೂದು ಹೆಂಗ?

“ಬಾಬಾ, ತುಮ್ಹೀ ಘ್ಯಾ.” ನೀವು ತಗೋರಿ ಅಂತ.

“ನಾಹೀ ರೇ, ತೂ ಘೆ.” ಇಲ್ಲೋ, ನೀ ತಗೋ ಅಂತ.

ಚೆಂಡು ಇಬ್ಬರನೂ ಕಾಯದ ನಡುವ ಮಲಗ್ತಿತ್ತು. ನಮ್ಮಾಕಿ ಒಂದ ಸಮ ಅಲ್ಲೇ ಹಾಕಿದ್ಲು. ಒಂದು ವಾರ ನಾವು ಗೆದ್ದಿದ್ದು ಬ್ಯಾಟಿನಿಂದಲ್ಲ, ಅವ್ರ ಮನಿ ಸಂಸ್ಕಾರದಿಂದ.

ಕಡೀಕ ಮಾವಗ ಸಿಟ್ಟು ಬಂತು. ಎಲ್ಲಾರೂ ಕೇಳೂ ಹಂಗ ಮರಾಠಿಯೊಳಗ ಹೇಳಿದ್ರು, “ಕೋರ್ಟಿನೊಳಗ ನಾ ನಿನ್ನ ಮಾವ ಅಲ್ಲ. ಹೊಡಿ!”

ಅಳಿಯ ಎಷ್ಟು ದಿನದಿಂದ ತಡಕೊಂಡಿದ್ದನೋ ಏನೋ! ಮುಂದಿನ ಚೆಂಡಿಗೆ ಹಾರಿ ಬಂದ, ಚೆಂಡಿಗೂ ಹೊಡದ, ಮೊಣಕೈಲೆ ಮಾವಗೂ ಹೊಡದ. ಮಾವ ಕೋರ್ಟಿನ ನಡುವ ಕುಂತ ಬಿಟ್ರು. ಅಳಿಯ ಎಬ್ಬಸಾಕ ಓಡಿ ಬಂದ.

ಕುಂತಲ್ಲಿಂದನ ಬೊಟ್ಟು ಎತ್ತಿ ಮಾವ ಅಂದ್ರು, “ಈಗ ನಾ ಮತ್ತ ನಿನ್ನ ಮಾವ.”

೪. ನಮ್ಮ ಗುಟ್ಟು

ನಮಗಿದ್ದ ದೊಡ್ಡ ಆಸರ ಕನ್ನಡ. ಈ ಬಿಲ್ಡಿಂಗ್‌ನ್ಯಾಗ ಕನ್ನಡ ಯಾರಿಗೆ ತಿಳೀತೈತಿ? ಇಬ್ರೂ ನೆಟ್ ಹತ್ರ ನಿಂತು ಪ್ಲಾನೆಲ್ಲಾ ಗಂಟಲು ಬಿಟ್ಟು ಮಾತಾಡ್ತಿದ್ವಿ. “ಅಳಿಯನ ತಂಟಿಗೆ ಹೋಗಬ್ಯಾಡ, ಮುದುಕಗ ಹಾಕು” ಅಂತ ನಾ. “ಅವ್ರ ಬಲಗಾಲು ಏಳೂದಿಲ್ರಿ, ಆ ಕಡೇನ ಹಾಕ್ತೀನಿ” ಅಂತ ಆಕಿ.

ಮ್ಯಾಚಿಗೆ ನಾಲ್ಕು ದಿನ ಇರೂವಾಗ ಹಿಂಗ ಮಾತು ನಡದಿತ್ತು. ಮಾವ ನೆಟ್ ತನಕ ಬಂದು ಕೈ ಮುಗದ್ರು. ಅಚ್ಚ ಧಾರವಾಡ ಕನ್ನಡದಾಗ ಅಂದ್ರು, “ವೈನಿ, ನಿಮಗ ಯಾರೋ ತಪ್ಪು ಹೇಳ್ಯಾರ. ಬಲಗಾಲು ಗಟ್ಟಿ ಐತ್ರಿ. ಏಳಲಾರದ್ದು ಎಡಗಾಲು.”

ಅವ್ರು ಬ್ಯಾಂಕಿನ ಕೆಲಸಕ್ಕ ಧಾರವಾಡದಾಗ ನಾಲ್ಕು ವರ್ಷ ಇದ್ರಂತ! ಇಷ್ಟು ದಿನ ಎಲ್ಲಾ ಕೇಳಿ ಹೊಟ್ಯಾಗ ಹಾಕ್ಕೊಂಡಿದ್ರು. ನಮ್ಮಾಕಿ ಮುಖ ಕೆಂಪಾತು. ನನ್ನ ಕಡೆ ತಿರುಗಿ ಗದರಿದ್ಲು, “ಮುದುಕ ಮುದುಕ ಅಂದಾವ್ರು ನೀವ. ನಾ ಒಂದು ದಿನನೂ ಅಂದಿಲ್ಲ, ಹೌದಿಲ್ಲೋ?”

ಗಾಬರ್ಯಾಗ ಇದನ್ನೂ ಕನ್ನಡದಾಗನ ಅಂದಿದ್ಲು.

೫. ಶೇಂಗಾ ಹೋಳಿಗಿ

ಆಕಿಗೆ ನಾಚಿಕಿ ತಡೀಲಿಲ್ಲ. “ಊಟಕ್ಕ ಕರೀರಿ ಅವ್ರನ್ನ. ಧಾರವಾಡದ ಅನ್ನ ಉಂಡವ್ರು, ರೊಟ್ಟಿ ತಿಂದು ಎಷ್ಟು ವರ್ಷಾತೋ ಏನೋ” ಅಂದ್ಲು.

ನನ್ನ ತಲ್ಯಾಗ ಲೈಟ್ ಹತ್ತಿತು. “ಐತವಾರ ಮಧ್ಯಾಹ್ನನ ಕರೆಯೂಣು” ಅಂದೆ. ಹೊಟ್ಟಿ ತುಂಬಿದಾಂವ ನಾಕಕ್ಕ ಹೆಂಗ ಓಡ್ತಾನ? ಆಕಿ ನನ್ನ ದಿಟ್ಟಿಸಿ ನೋಡಿ, ಶೇಂಗಾದ ಡಬ್ಬಿ ಕೆಳಗಿಳಿಸಿದ್ಲು.

ಐತವಾರ ಜ್ವಾಳದ ರೊಟ್ಟಿ, ಎಣ್ಣಿಗಾಯಿ, ಅಗಸಿ ಚಟ್ನಿ, ಮ್ಯಾಲ ಶೇಂಗಾ ಹೋಳಿಗಿ, ತುಪ್ಪ. ಮೊದಲನೇ ತುತ್ತಿಗೆ ಮಾವನ ಕಣ್ಣಾಗ ನೀರು ಬಂದ್ವು. “ಇನ್ನೊಂದು ಹೋಳಿಗಿ” ಅಂತ ನಾ ಒತ್ತಾಯ ಮಾಡಿದೆ.

“ನೀವು ಹಾಕ್ಕೊಂಡ್ರ ನಾನೂ ಹಾಕ್ಕೋತೀನ್ರಿ” ಅಂದ್ರು ಮಾವ.

ಇಲ್ಲೇ ನಾ ಕೆಟ್ಟೆ. ನಮ್ಮ ಕಡೆ ಬಂದವ್ರನ್ನ ಅವ್ರಷ್ಟಕ್ಕ ಅವ್ರನ್ನ ಉಣಾಕ ಬಿಡೂದಿಲ್ಲ. ಮನಿ ಯಜಮಾನ ಜೋಡಿ ಕುಂಡರಬೇಕು, ಅವ್ರು ಕೈ ತೊಳಿಯೂತನ ಏಳಬಾರದು. ಅವ್ರಿಗೊಂದು ಬಡಸಿದ್ರ ನನಗೂ ಒಂದು. ಅಳಿಯ ಪಾಪ, ಮಾವ ತಿಂತಿರೂವಾಗ ಬ್ಯಾಡ ಅನ್ನೂ ಹಂಗಿಲ್ಲ. ಹಿಂಗ ಮೂವರೂ ಒಬ್ಬರನ್ನೊಬ್ಬರು ಜುಲುಮಿ ಮಾಡಿ ತಲಿಗೆ ಎಂಟೆಂಟು ಹೋಳಿಗಿ ಇಳಿಸಿದ್ವಿ. ನಮ್ಮಾಕಿ ಬಡಸಾಕಿ. ಬಡಸಾಕಿ ಎಲ್ಲಾರೂ ಉಂಡ ಮ್ಯಾಲ ಉಣ್ಣಾಕಿ. ಆಕಿ ತಾಟು ಹಚ್ಚೂದ್ರೊಳಗ ನಾಕು ಹೊಡೀತು ಅಂತ ಕೆಳಗಿಂದ ಸೆಕ್ರೆಟರಿ ಕೂಗಿದ್ರು: “ಚಾರ್ ಬಜ್ ಗಯೇ!”

ಕೋರ್ಟಿನ್ಯಾಗ ಮೂರು ಮಂದಿ ಗಂಡಸ್ರು ಹಿಟ್ಟಿನ ಚೀಲದಂಗ ನಿಂತಿದ್ವಿ. ಮಾವ-ಅಳಿಯ ರೂಢಿ ಪ್ರಕಾರ ಚೆಂಡು ನನಗ ಹಾಕಿದ್ರು. ನಾ ಬಗ್ಗಾಕ ಹೋದ್ರ ಹೋಳಿಗಿ ಮ್ಯಾಲ ಬರ್ತಿದ್ವು. ಆ ಮೂಲಿಯಿಂದ ಈ ಮೂಲಿಗೆ “ನಂದು! ನಂದು!” ಅಂತ ಆಕಿ ಒಬ್ಬಾಕಿನ ಓಡಿದ್ಲು. ನನ್ನ ಫೋರ್ಥ್ ಸೀಟನ್ನೂ ಬಿಡಲಿಲ್ಲ. ಹತ್ತು-ನಾಕು ಆತು. ಕಡೀ ಚೆಂಡು ಅಳಿಯನ ಕಡೆ ನೆಟ್ಟಗ ಹೋತು. ಅಂವ ನೋಡಿದ, ಸರೀಬೇಕು ಅಂತ ಅಂವಗ ತಿಳೀತು, ಮೈ ಕೇಳಲಿಲ್ಲ. ಚೆಂಡು ಹೊಟ್ಟಿಗೆ, ಸರಿಯಾಗಿ ಹೋಳಿಗಿ ಇದ್ದ ಜಾಗಾಕ್ಕ, ‘ಟಪ್’ ಅಂತ ಬಡೀತು. ಮೈಗೆ ಬಡದ್ರ ಪಾಯಿಂಟ್ ಎದರಿನವ್ರಿಗೆ. ಮ್ಯಾಚ್ ನಮ್ಮದು!

ಸೆಕ್ರೆಟರಿ ಓಡಿ ಬಂದು ಕೇಳಿದ್ರು, “ಭಾಭೀಜಿ, ಸ್ಟ್ರಾಟೆಜಿ ಕ್ಯಾ ಥೀ?”

ನಾ ಎದಿ ಉಬ್ಬಿಸಿದೆ, “ಊಟಕ್ಕ ಕರಿಯೂ ಐಡಿಯಾ ನಂದ...”

“ನಿಮ್ಮ ಐಡಿಯಾಕ್ಕ ನೀವ ಎಂಟು ತಿಂದ್ರಿ” ಅಂದ್ಲು ಆಕಿ, ಬೆವರು ಒರಸ್ಕೋತ. “ಸ್ಟ್ರಾಟೆಜಿನೂ ಇಲ್ಲ ಏನೂ ಇಲ್ಲ. ನನಗ ಹಸಿವಿ ಆಗಿತ್ತು, ಲಗೂ ಮುಗಸಬೇಕಿತ್ತು.”

ಮನಿಗೆ ಬಂದು ತಾಟು ಹಚ್ಕೊಂಡು ಕುಂತ್ಲು. ಮೊದಲನೇ ತುತ್ತು ಇಳಿದ ಮ್ಯಾಲ ನನ್ನ ನೋಡಿ ನಕ್ಲು. ಎಷ್ಟು ವರ್ಷದ ಮ್ಯಾಲ ಆ ನಗು ನೋಡಿದ್ನೋ, ನನಗೂ ಖುಷಿ ಆತು. ಒಂದು ತಿಂಗಳು ಕೋರ್ಟಿನ್ಯಾಗ ನಿಂತು ಆಕಿ ಬಾಯಾಗ “ನಿಮ್ದು” ಅನ್ನೂ ಶಬ್ದ ಒಮ್ಮಿನೂ ಕೇಳಿರಲಿಲ್ಲ ನಾ. ಅವತ್ತು ಕೇಳಿದೆ.

“ನಾಳಿಂದ ಏಳರಿಂದ ಎಂಟು ನಂದು,” ಅಂದ್ಲು. “ಚಾ ನಿಮ್ದು.”